ಟರ್ಬೋ ಎಂಜಿನ್ನಿಗೆ ಎಂಥ ಹೆಡ್ಡು?

ಕೆ.ಜಿ.ಎಫ್. ಎಂದೊಡನೆ ನೆನಪಾಗುವುದು ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಿನ್ನದ ಗಣಿ. ಆ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಆದರೆ ಅಲ್ಲಿ ಯಂತ್ರದ ಸದ್ದು ನಿಲ್ಲಲಿಲ್ಲ. 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಬುಲ್ಡೋಜರುಗಳು ತಯಾರಾಗುವುದು ಇದೇ ಊರಿನಲ್ಲಿ. ಮಣ್ಣು, ಬಂಡೆಗಳನ್ನು ದಿನವಿಡೀ ತಳ್ಳುವ ಇಂಥ ಯಂತ್ರದ ಶಕ್ತಿಯ ಮೂಲ ಟರ್ಬೋಚಾರ್ಜರ್ ಇರುವ ಡೀಸೆಲ್ ಎಂಜಿನ್. ಅಂಥ ಎಂಜಿನ್ನಿಗೆ ಸಿಲಿಂಡರ್ ಹೆಡ್ಡನ್ನು ಹೇಗೆ ಆರಿಸಬೇಕು? ಪರದೆಯ ಮೇಲೆ ಕ್ಷಣಮಾತ್ರ ಕಂಡು ಮರೆಯಾಗುವ ವಿಷಯವನ್ನು ಇಲ್ಲಿ ನಿಧಾನವಾಗಿ ನೋಡೋಣ.

ಹೆಡ್ ಎಂದರೆ ಸಿಲಿಂಡರಿನ ಮುಚ್ಚಳ. ಆದರೆ ಅದು ಬರಿಯ ಮುಚ್ಚಳವಲ್ಲ. ಗಾಳಿ ಒಳಬರುವ ದಾರಿ, ಹೊಗೆ ಹೊರಹೋಗುವ ದಾರಿ, ಅವೆರಡರ ಕವಾಟಗಳು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್, ತಂಪು ನೀರು ಹರಿಯುವ ನಾಳಗಳು ಎಲ್ಲವೂ ಅದರೊಳಗೇ ಇರುತ್ತವೆ. ಟರ್ಬೋಚಾರ್ಜರ್ ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿರುವ ಕೆ.ಜಿ.ಎಫ್.ನಲ್ಲಿ ಗಾಳಿಯ ಒತ್ತಡ ಚೆನ್ನೈನಲ್ಲಿರುವುದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಈ ಕೊರತೆಯನ್ನು ತುಂಬಿಕೊಟ್ಟು, ಅದಕ್ಕೂ ಹೆಚ್ಚು ಗಾಳಿಯನ್ನು ಟರ್ಬೋ ಒದಗಿಸುತ್ತದೆ. ಹೆಚ್ಚು ಗಾಳಿ ಇದ್ದಲ್ಲಿ ಹೆಚ್ಚು ಇಂಧನ ಉರಿಸಬಹುದು. ಶಕ್ತಿ ಹೆಚ್ಚುವ ಗುಟ್ಟು ಇದೇ. ಜೊತೆಗೆ ಒತ್ತಡವೂ ಶಾಖವೂ ಹೆಚ್ಚುತ್ತವೆ.

ಎಷ್ಟು ಒತ್ತಡ? ಜಪಾನಿನ ಕೊಮಾತ್ಸು ಕಂಪನಿಯ ಡಿ-155 ಬುಲ್ಡೋಜರಿನ ಹಳೆಯ ಮಾದರಿಗಳ ಎಂಜಿನ್ನಿಗೆ ಎಸ್6ಡಿ155 ಎಂದು ಹೆಸರಿತ್ತು. ಎಸ್ ಎಂದರೆ ಟರ್ಬೋ ಉಂಟು, 6 ಎಂದರೆ ಆರು ಸಿಲಿಂಡರ್, ಡಿ ಎಂದರೆ ಡೀಸೆಲ್, 155 ಎಂದರೆ ಸಿಲಿಂಡರಿನ ವ್ಯಾಸ ಮಿಲಿಮೀಟರುಗಳಲ್ಲಿ. ವೃತ್ತದ ಸೂತ್ರ ಬಳಸಿದರೆ ಒಂದು ಸಿಲಿಂಡರಿನ ಬಾಯಿಯ ಕ್ಷೇತ್ರಫಲ ಸುಮಾರು 189 ಚದರ ಸೆಂಟಿಮೀಟರ್. ಉರಿಯುವ ಕ್ಷಣದ ಒತ್ತಡ ಚದರ ಸೆಂಟಿಮೀಟರಿಗೆ 100 ಕಿಲೋ ಎಂದಿಟ್ಟುಕೊಂಡರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು 19 ಟನ್. ಟರ್ಬೋದಿಂದ ಒತ್ತಡ 130 ಕಿಲೋಗೆ ಏರಿದರೆ ಅದು 24 ಟನ್ ದಾಟುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲೂ ಈ ಹೊಡೆತ ಸೆಕೆಂಡಿಗೆ ಹದಿನಾರು ಬಾರಿಗೂ ಹೆಚ್ಚು ಬೀಳುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಲೋಹ. ಅಲ್ಯೂಮಿನಿಯಂ ಹಗುರ, ಶಾಖವನ್ನು ಬೀಡು ಕಬ್ಬಿಣಕ್ಕಿಂತ ಬೇಗ ಸಾಗಿಸುತ್ತದೆ. ಕಾರಿನ ಪೆಟ್ರೋಲ್ ಎಂಜಿನ್ನಿಗೆ ಅದು ಒಪ್ಪುತ್ತದೆ. ಆದರೆ ಬಿಸಿಯಾದಾಗ ಅದರ ಬಲ ಬೇಗ ಕುಗ್ಗುತ್ತದೆ. ಬುಲ್ಡೋಜರಿನಂಥ ಭಾರಿ ಯಂತ್ರದಲ್ಲಿ ತೂಕ ಒಂದು ಸಮಸ್ಯೆಯೇ ಅಲ್ಲ, ಬಾಳಿಕೆ ಮುಖ್ಯ. ಹೀಗಾಗಿ ಅಲ್ಲಿ ಬೀಡು ಕಬ್ಬಿಣದ ಹೆಡ್ಡೇ ರೂಢಿ.

ಎರಡನೆಯದು, ಎಲ್ಲ ಸಿಲಿಂಡರಿಗೂ ಸೇರಿ ಒಂದೇ ಹೆಡ್ಡೋ, ಒಂದೊಂದಕ್ಕೂ ಬೇರೆ ಬೇರೆಯೋ ಎಂಬ ಪ್ರಶ್ನೆ. ಭಾರತೀಯ ರೈಲ್ವೆಯಲ್ಲಿ ದಶಕಗಳ ಕಾಲ ದುಡಿದ ಡಬ್ಲ್ಯೂಡಿಎಂ-2 ಡೀಸೆಲ್ ಇಂಜಿನ್ನನ್ನು ಬಂಗಾರಪೇಟೆ ಜಂಕ್ಷನ್ನಿನ ಹಿರಿಯರು ಕಂಡಿರುತ್ತಾರೆ. 2600 ಅಶ್ವಶಕ್ತಿಯ ಆ ಟರ್ಬೋ ಎಂಜಿನ್ನಿನಲ್ಲಿ ಹದಿನಾರು ಸಿಲಿಂಡರ್, ಹದಿನಾರು ಹೆಡ್. ಒಂದು ಸೀಳಿದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಸಣ್ಣ ಎಂಜಿನ್ನಿಗೆ ಒಂದೇ ಹೆಡ್ ಅಗ್ಗ. ಆದರೆ ಉದ್ದವಾದಷ್ಟೂ ಶಾಖಕ್ಕೆ ಡೊಂಕಾಗುವ ಭಯ ಹೆಚ್ಚು.

ಮೂರನೆಯದು ಕವಾಟ ಮತ್ತು ನೀರಿನ ನಾಳ. ಪೂರ್ಣ ಭಾರದಲ್ಲಿ ಹೊಗೆಯ ಉಷ್ಣತೆ 600 ಡಿಗ್ರಿ ದಾಟಬಹುದು. ಅದೇ ಲೋಹದ ಮತ್ತೊಂದು ಬದಿಯಲ್ಲಿ ಹರಿಯುವ ನೀರು 80-90 ಡಿಗ್ರಿ. ಎರಡು ಕವಾಟಗಳ ನಡುವಿನ ಕಿರಿದಾದ ಸೇತುವೆಯಂಥ ಭಾಗವೇ ಮೊದಲು ಬಿರುಕು ಬಿಡುವ ಜಾಗ. ಟರ್ಬೋಗೆಂದು ಮಾಡಿದ ಹೆಡ್ಡಿನಲ್ಲಿ ಶಾಖ ತಡೆಯುವ ಮಿಶ್ರಲೋಹದ ಕವಾಟ, ಗಡಸು ಲೋಹದ ಕವಾಟಪೀಠ, ಆ ಸೇತುವೆಯ ಬಳಿ ಹೆಚ್ಚು ನೀರು ಹಾಯುವ ವ್ಯವಸ್ಥೆ ಇರುತ್ತವೆ. ಅದೇ ಕುಟುಂಬದ ಟರ್ಬೋ ಇಲ್ಲದ ಎಂಜಿನ್ನಿನ ಹೆಡ್ಡಿಗೂ ಬೋಲ್ಟಿನ ರಂಧ್ರಗಳು ಸರಿಹೊಂದಬಹುದು. ಕೂತುಕೊಂಡಿತು ಎಂದ ಮಾತ್ರಕ್ಕೆ ಹೊಂದಿಕೊಂಡಿತು ಎಂದಲ್ಲ! ಆರಿಸುವಾಗ ಬಿಡಿಭಾಗದ ಸಂಖ್ಯೆಯನ್ನು ಕೈಪಿಡಿಯೊಡನೆ ತಾಳೆ ನೋಡಬೇಕಾದದ್ದು ಇದಕ್ಕಾಗಿಯೇ.

ಇಲ್ಲಿ ಕೋಲಾರ ಸೀಮೆಗೆ ಸೇರಿದ ಒಂದು ಮಾತಿದೆ. ಜಿಲ್ಲೆಯಲ್ಲಿ ಜೀವನದಿ ಇಲ್ಲ. ಆಳದ ಕೊಳವೆಬಾವಿಯ ನೀರು ಬಹುಪಾಲು ಗಡಸು. ಅದನ್ನೇ ರೇಡಿಯೇಟರಿಗೆ ಸುರಿದರೆ ಹೆಡ್ಡಿನ ನಾಳಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಕಬ್ಬಿಣಕ್ಕೆ ಹೋಲಿಸಿದರೆ ಈ ಪದರ ಶಾಖವನ್ನು ಬಹಳ ಕಡಿಮೆ ಸಾಗಿಸುತ್ತದೆ. ಒಳಗೆ ನೀರಿದ್ದರೂ ಲೋಹ ಕೆಂಡದಂತೆ ಕಾಯುತ್ತದೆ. ಎಷ್ಟೇ ಒಳ್ಳೆಯ ಹೆಡ್ ಆರಿಸಿದರೂ ಬಟ್ಟಿ ಇಳಿಸಿದ ನೀರು, ತಯಾರಕರು ಹೇಳಿದ ಕೂಲೆಂಟ್ ಇಲ್ಲದಿದ್ದರೆ ಹಣವೆಲ್ಲ ವ್ಯರ್ಥ.

ಹಳೆಯ ಹೆಡ್ ಕೊಳ್ಳುವುದಾದರೆ ನಾಲ್ಕು ಪರೀಕ್ಷೆಗಳು ಅಗತ್ಯ. ನೇರಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಮೇಲ್ಮೈ ಸಮತಟ್ಟಾಗಿದೆಯೇ ನೋಡಬೇಕು. ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕಬೇಕು. ನಾಳಗಳಿಗೆ ಒತ್ತಡದ ನೀರು ತುಂಬಿ ಸೋರಿಕೆ ನೋಡಬೇಕು. ಹಿಂದೆ ಎಷ್ಟು ಬಾರಿ ತಳ ಕೆತ್ತಿಸಿದ್ದಾರೆ ಎಂದು ದಪ್ಪ ಅಳೆದು ತಿಳಿಯಬೇಕು. ದಹನಕೋಣೆ ಹೆಡ್ಡಿನಲ್ಲೇ ಇರುವ ಪೆಟ್ರೋಲ್ ಎಂಜಿನ್ನಿನಲ್ಲಿ ತಳ ಕೆತ್ತಿದಷ್ಟೂ ಸಂಪೀಡನ ಪ್ರಮಾಣ ಏರುತ್ತದೆ; ಟರ್ಬೋ ಸೇರಿದರೆ ಎಂಜಿನ್ ‘ನಾಕ್’ ಹೊಡೆಯತೊಡಗುತ್ತದೆ. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಕೈಪಿಡಿ ಹೇಳಿದ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಹಂತಹಂತವಾಗಿ ಬಿಗಿಯಬೇಕು.

ಕಡಿಮೆ ಬೆಲೆಯ ತಪ್ಪು ಹೆಡ್ ಸೀಳಿದ ದಿನ ನಿಲ್ಲುವುದು ಎಂಜಿನ್ ಒಂದೇ ಅಲ್ಲ. ಯಂತ್ರದ ಹಿಂದಿರುವ ಚಾಲಕ, ಕೂಲಿಕಾರ, ಮಾಲೀಕ ಎಲ್ಲರ ದುಡಿಮೆಯೂ ನಿಲ್ಲುತ್ತದೆ. ವಿದ್ಯಾರ್ಥಿಗಳೇ, ನಿಮ್ಮೂರಿನ ಟ್ರ್ಯಾಕ್ಟರ್ ಅಥವಾ ಲಾರಿಯ ಕೈಪಿಡಿಯಲ್ಲಿ ಸಿಲಿಂಡರಿನ ವ್ಯಾಸ ಎಷ್ಟಿದೆ ನೋಡಿ, ಮೇಲಿನ ಲೆಕ್ಕ ಮಾಡಿ. ಆ ಒಂದು ಮುಚ್ಚಳ ಎಷ್ಟು ಟನ್ ಬಲವನ್ನು ತಡೆದು ನಿಂತಿದೆ ಎಂಬುದು ನಿಮಗೇ ಗೊತ್ತಾಗುತ್ತದೆ.