ಹೊಗಳುಭಟ್ಟ: ಬೈಗುಳ ಆಗೋಕೆ ಮುಂಚೆ ಅದೊಂದು ಕೆಲಸ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಭದ್ರಾವತಿಯ ಒಬ್ಬ ನಿವೃತ್ತ ಕಾರ್ಮಿಕರನ್ನು ಅತಿಥಿಯಾಗಿ ಕರೆದಿದ್ದೆವು. ಅವರ ಪರಿಚಯ ಬರೆದು ಓದುವ ಕೆಲಸ ಎರಡನೇ ವರ್ಷದವರಾದ ನಮ್ಮ ತಲೆಗೆ ಬಿತ್ತು. ಸಂಘದಲ್ಲಿ ಕಿರಿಯರಿಗೆ ಸಿಗೋದೇ ಇಂಥ ಕೆಲಸ. ನಾವು 'ಕಾಯಕಯೋಗಿ', 'ಸರಳತೆಯ ಸಾಕಾರಮೂರ್ತಿ', 'ಕನ್ನಡದ ಕಟ್ಟಾಳು' ಅಂತ ಸಿಕ್ಕಿದ್ದನ್ನೆಲ್ಲ ಪೋಣಿಸಿ ಒಂದು ಪುಟ ತುಂಬಿಸಿದೆವು. ಓದುವಾಗ ಹಿಂದಿನ ಸಾಲಿನಿಂದ ಯಾರೋ "ಹೊಗಳುಭಟ್ರು!" ಅಂತ ಕೂಗಿದರು. ಎಲ್ಲರೂ ನಕ್ಕರು. ಆಮೇಲೆ ಅತಿಥಿಗಳು ಮೈಕ್ ಹಿಡಿದು ಮೊದಲು ಹೇಳಿದ್ದು ಇಷ್ಟೇ: "ನಾನು ರೋಲಿಂಗ್ ಮಿಲ್‌ನಲ್ಲಿ ಇರ್ಲಿಲ್ಲ ಮಕ್ಕಳೇ, ಬ್ಲಾಸ್ಟ್ ಫರ್ನೇಸ್‌ನಲ್ಲಿದ್ದೆ."

ಒಂದು ಪುಟ ಹೊಗಳಿದ್ದೆವು. ಇದ್ದ ಒಂದೇ ಒಂದು ಮಾಹಿತಿ ತಪ್ಪಾಗಿತ್ತು.

ಆ ಅವಮಾನದಿಂದಲೇ ಈ ಲೇಖನ ಹುಟ್ಟಿದ್ದು. ರಾಜರ ಕಾಲದಲ್ಲಿ ಹೀಗೆ ಹೆಸರು, ಬಿರುದು ಕೂಗಿ ಹೇಳುವುದಕ್ಕೇ ಜನ ಇದ್ದರಲ್ಲ, ಅವರ ಕೆಲಸ ನಿಜವಾಗಿ ಏನಾಗಿತ್ತು ಅಂತ ಹುಡುಕಿದೆವು.

ಮೊದಲು ಸ್ವಲ್ಪ ದೂರ ಹೋಗೋಣ. ಯುರೋಪಿನಲ್ಲಿ ಈ ಕೆಲಸ ಮಾಡುವವರನ್ನು ಹೆರಾಲ್ಡ್ ಅಂತಾರೆ. ಕಬ್ಬಿಣದ ಕವಚ, ಮುಖ ಮುಚ್ಚುವ ಶಿರಸ್ತ್ರಾಣ ಹಾಕಿಕೊಂಡ ಯೋಧ ಯಾರು ಅಂತ ಗೊತ್ತಾಗೋದು ಗುರಾಣಿಯ ಮೇಲಿನ ಚಿತ್ರದಿಂದ ಮಾತ್ರ. ಆ ಲಾಂಛನಗಳನ್ನು ಗುರುತು ಹಿಡಿಯೋದು, ಹೆಸರು ಕೂಗಿ ಹೇಳೋದು, ಯಾವ ಲಾಂಛನ ಯಾರದ್ದು ಅಂತ ಬರೆದಿಡೋದು, ಮೂರೂ ಹೆರಾಲ್ಡ್‌ಗಳ ಕೆಲಸ. ಇಂಗ್ಲೆಂಡಿನಲ್ಲಿ 1484ರಲ್ಲಿ ಮೂರನೇ ರಿಚರ್ಡ್ ಇವರಿಗೆ ಒಂದು ಸಂಸ್ಥೆಯನ್ನೇ ಮಾಡಿಕೊಟ್ಟ. ಅದು ಇವತ್ತಿಗೂ ಇದೆ. ಅದರಲ್ಲಿ 13 ಅಧಿಕಾರಿಗಳು. ಎಲ್ಲರಿಗಿಂತ ಕೆಳಗಿನ ಹಂತದ ನಾಲ್ವರಿಗೆ ಪರ್ಸ್ವಿವಂಟ್ ಅಂತ ಹೆಸರು. ಹಿಂಬಾಲಿಸುವವನು ಅಂತ ಅದರ ಮೂಲ ಅರ್ಥ, ಅಂದ್ರೆ ಕಲಿಯುತ್ತಾ ಹಿಂದೆ ಹೋಗುವ ಜೂನಿಯರ್. ಈ ನಾಲ್ಕು ಹುದ್ದೆಗಳ ಹೆಸರುಗಳನ್ನು ಕನ್ನಡದಲ್ಲಿ ಹೇಳಿದರೆ ಕೆಂಪು ಶಿಲುಬೆ, ಕೆಂಪು ಡ್ರ್ಯಾಗನ್, ನೀಲಿ ನಿಲುವಂಗಿ, ಕೋಟೆಬಾಗಿಲಿನ ಸರಳು!

ಈ ಪದ್ಧತಿ ಒಮ್ಮೆ ನಮ್ಮ ದೇಶಕ್ಕೂ ಬಂದಿತ್ತು. 1911ರ ಡಿಸೆಂಬರ್ 12ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಪಟ್ಟಾಭಿಷೇಕದ ಘೋಷಣೆ ಓದಲು ಪೇಟನ್ ಎಂಬ ಸೇನಾಧಿಕಾರಿಯನ್ನು 'ದೆಹಲಿ ಹೆರಾಲ್ಡ್' ಅಂತ ನೇಮಿಸಿದ್ದರು. ಅವನಿಗೆ ಸಹಾಯಕ ಹೆರಾಲ್ಡ್ ಆಗಿದ್ದವರು ಪಂಜಾಬಿನ ಮಲಿಕ್ ಉಮರ್ ಹಯಾತ್ ಖಾನ್. ಮೇಲಿನ ಹುದ್ದೆ ಅವರಿಗೆ, ಕಿರಿಯ ಹುದ್ದೆ ನಮ್ಮವರಿಗೆ.

ಹಾಗಾದ್ರೆ ನಮ್ಮ ಕಡೆ ಇಂಥದ್ದೇನೂ ಇರಲಿಲ್ವಾ? ಖಂಡಿತ ಇತ್ತು. ಆದರೆ ಅಲ್ಲಿ ಒಬ್ಬರೇ ಮಾಡುತ್ತಿದ್ದ ಕೆಲಸ ಇಲ್ಲಿ ಬೇರೆ ಬೇರೆಯವರಲ್ಲಿ ಹಂಚಿಹೋಗಿತ್ತು.

ಒಂದು, ಚಿಹ್ನೆ. ಶಿವಮೊಗ್ಗದಿಂದ ಭದ್ರಾವತಿಗೆ ಕೆಂಪು ಬಸ್ ಹತ್ತುವಾಗ ಅದರ ಮೇಲಿನ ಎರಡು ತಲೆಯ ಹಕ್ಕಿಯನ್ನು ನೋಡಿರ್ತೀರಿ. ಅದೇ ಗಂಡಭೇರುಂಡ. ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಚಾಲುಕ್ಯರ ಸಾಮಂತ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಸುಮಾರು 30 ಅಡಿಯ ಕಂಬ ಇದೆ. ಅದಕ್ಕೆ ಸಂಬಂಧಪಟ್ಟ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸಾಗರದ ಹತ್ತಿರ ಕೆಳದಿಯ ದೇವಸ್ಥಾನದ ಚಾವಣಿಯಲ್ಲೂ ಒಂದು ಗಂಡಭೇರುಂಡ ಇದೆ. ಮುಂದೆ ಅದು ಮೈಸೂರು ಒಡೆಯರ ಲಾಂಛನವಾಯಿತು, ಈಗ ನಮ್ಮ ರಾಜ್ಯದ ಲಾಂಛನ. ಒಡೆಯರ ಲಾಂಛನದ ಕೆಳಗೆ 'ಸತ್ಯಮೇವೋದ್ಧರಾಮ್ಯಹಂ' ಅಂತ ಇತ್ತು, ಸತ್ಯವನ್ನೇ ಎತ್ತಿಹಿಡಿಯುತ್ತೇನೆ ಅಂತ ಅರ್ಥ.

ಎರಡು, ಶಬ್ದ. ಹಳೆಯ ಶಾಸನಗಳಲ್ಲಿ ಸಾಮಂತರ ಹೆಸರಿನ ಹಿಂದೆ 'ಸಮಧಿಗತ ಪಂಚಮಹಾಶಬ್ದ' ಅಂತ ಮತ್ತೆ ಮತ್ತೆ ಬರುತ್ತೆ. ಕೊಂಬು, ತಮಟೆ, ಶಂಖ, ಭೇರಿ, ಜಯಘಂಟೆ, ಈ ಐದು ವಾದ್ಯ ನುಡಿಸಿಕೊಂಡು ಬರುವ ಅಧಿಕಾರ ಪಡೆದವನು ಅಂತ. ಅದನ್ನು ಮೇಲಿನ ರಾಜ ಕೊಡಬೇಕಿತ್ತು. ಈಗಿನ ಕಾರಿನ ಸೈರನ್ ಥರ, ಮುಖ ಕಾಣೋಕೆ ಮುಂಚೆಯೇ ಬರ್ತಿರೋರ ದರ್ಜೆ ಕಿವಿಗೆ ಗೊತ್ತಾಗ್ತಿತ್ತು.

ಮೂರು, ಬಿರುದು. ಇಲ್ಲೇ ನಮಗೆ ನಿಜವಾದ ಆಶ್ಚರ್ಯ ಕಾದಿತ್ತು. ಬಿರುದು ಅಂದ್ರೆ ಬರೀ ಹೊಗಳಿಕೆ ಅಂದುಕೊಂಡಿದ್ದೆವು. ಆದರೆ ಎಷ್ಟೋ ಬಿರುದುಗಳು ಒಂದು ಘಟನೆಯ ದಾಖಲೆ. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡು ಗೆದ್ದ, 'ತಲಕಾಡುಗೊಂಡ' ಆದ. ಅದನ್ನು ನಾಣ್ಯದ ಮೇಲೂ ಹಾಕಿಸಿದ. ಅಂದ್ರೆ ಆ ಸುದ್ದಿ ಸಂತೆಯಲ್ಲಿ ಕೈಯಿಂದ ಕೈಗೆ ಹೋಯ್ತು. ಕೆಳದಿ ಅರಸರಿಗೆ 'ಕೋಟೆಕೋಲಾಹಲ' ಎಂಬ ಬಿರುದು. ಮೈಸೂರು ಒಡೆಯರಿಗೆ 'ಬಿರುದೆಂತೆಂಬರ ಗಂಡ', ಅಂದ್ರೆ ನನಗೂ ಬಿರುದಿದೆ ಅನ್ನೋರಿಗೆಲ್ಲ ಗಂಡ! ಸುತ್ತಲಿನ ಪಾಳೆಯಗಾರರಿಗೆ ಇದು ನೇರ ಸವಾಲು. ಒಬ್ಬರ ಬಿರುದನ್ನು ಇನ್ನೊಬ್ಬರು ಸುಮ್ಮನೆ ಒಪ್ಪುತ್ತಿರಲಿಲ್ಲ. ಹಾಗಾಗಿ ಸಭೆಯಲ್ಲಿ ಬಿರುದು ಕೂಗುವುದು ಅಂದ್ರೆ ಹತ್ತು ಜನರ ಮುಂದೆ ಒಂದು ಹಕ್ಕನ್ನು ಸಾರುವುದು. ಸುಳ್ಳಾಗಿದ್ದರೆ ಎದುರಿಗೆ ಕೇಳುವವರು ಇದ್ದರು.

ಈಗ ಇದನ್ನೆಲ್ಲ ಮಾಡುತ್ತಿದ್ದವರು ಯಾರು? ಕೂಗುತ್ತಿದ್ದವರು ವಂದಿಮಾಗಧರು, ಹೊಗಳುಭಟ್ಟರು. ಬೆಳ್ಳಿಯ ಕೋಲು ಹಿಡಿದು ಮುಂದೆ ನಡೆಯುತ್ತಿದ್ದವರು ಚೋಪದಾರರು. ಬರೆದಿಡುತ್ತಿದ್ದವರು ಶಾಸನ ಕವಿಗಳು, ಸೇನಬೋವರು. ಕಲ್ಲಿನಲ್ಲಿ ಕೆತ್ತುತ್ತಿದ್ದವರು ರೂವಾರಿಗಳು. ಇವರಲ್ಲಿ ಬರೆದವರ, ಕೆತ್ತಿದವರ ಹೆಸರು ಎಷ್ಟೋ ಕಡೆ ಉಳಿದಿದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಿಲ್ಪಗಳ ಕೆಳಗೆ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ, ನಮ್ಮ ಜಿಲ್ಲೆಯವರೇ, ತಮ್ಮ ಹೆಸರು ಕೆತ್ತಿದ್ದಾರೆ. ಆದರೆ ಜೀವನವಿಡೀ ಇನ್ನೊಬ್ಬರ ಹೆಸರು ಕೂಗಿದವನ ದನಿ ಗಾಳಿಯಲ್ಲೇ ಹೋಯ್ತು. ಕಲ್ಲಿನ ಮೇಲೆ ಕೆಲಸ ಮಾಡಿದವರು ಉಳಿದರು, ಬಾಯಲ್ಲಿ ಕೆಲಸ ಮಾಡಿದವರು ಬೈಗುಳವಾಗಿ ಉಳಿದರು.

ಯಾಕೆ ಬೈಗುಳ ಆಯ್ತು? ನಮಗೆ ಅನ್ನಿಸೋದು ಇದು: ಗೆದ್ದ ಕೋಟೆ ಇದ್ದಾಗ 'ಕೋಟೆಕೋಲಾಹಲ' ಅನ್ನೋದು ಸುದ್ದಿ. ಕೋಟೆಯೇ ಇಲ್ಲದಾಗ ಅದನ್ನೇ ಕೂಗಿದರೆ ಮುಖಸ್ತುತಿ. ಪದ ಅದೇ, ಅದರ ಹಿಂದಿನ ಸಂಗತಿ ಹೋಗಿರುತ್ತೆ. ಕಂಪನಿ ನಾಟಕಗಳಲ್ಲಿ, ಹಳೇ ಸಿನಿಮಾಗಳಲ್ಲಿ 'ರಾಜಾಧಿರಾಜ' ಅಂತ ಕೂಗಿದ ಕೂಡಲೇ ನಾವು ನಗೋದು ಅದಕ್ಕೇ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 18ನೇ ವಿಧಿ, ಸೇನೆಯ ಮತ್ತು ವಿದ್ಯೆಯ ಮನ್ನಣೆ ಬಿಟ್ಟು ಬೇರೆ ಯಾವ ಬಿರುದನ್ನೂ ಸರ್ಕಾರ ಕೊಡುವಂತಿಲ್ಲ ಅನ್ನುತ್ತೆ. (ಅಂದ್ರೆ ನಮ್ಮ ಬಿ.ಇ. ಸೇಫ್, ಬ್ಯಾಕ್‌ಲಾಗ್ ಕ್ಲಿಯರ್ ಆದ್ರೆ!) 1971ರ 26ನೇ ತಿದ್ದುಪಡಿಯಿಂದ ಹಳೆಯ ರಾಜರಿಗಿದ್ದ ಅಧಿಕೃತ ಮಾನ್ಯತೆ, ರಾಜಧನ ಎರಡೂ ನಿಂತವು. ಮೈಸೂರು ಅರಮನೆಯಲ್ಲಿ ದಸರೆಯ ಖಾಸಗಿ ದರ್ಬಾರ್ ನಡೆಯುವಾಗ ಮಾತ್ರ 'ಬಹುಪರಾಕ್' ಇವತ್ತಿಗೂ ಕೇಳಿಸುತ್ತೆ.

ಇಷ್ಟೆಲ್ಲ ಓದಿದ ಮೇಲೆ ನಾವು ಭದ್ರಾವತಿಗೆ ಹೋಗಿ ಆ ಹಿರಿಯರನ್ನು ಕಂಡು ಕ್ಷಮೆ ಕೇಳಿದೆವು. ಅವರು ನಕ್ಕು ಕಾಫಿ ಕೊಟ್ಟರು. 1923ರಲ್ಲಿ ಶುರುವಾದ ಕಾರ್ಖಾನೆ, ಅದಕ್ಕೆ ಬೆನ್ನೆಲುಬಾಗಿ ನಿಂತ ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡಿದರು. ಆಮೇಲೆ ಕುಲುಮೆಯ ಎದುರು ನಿಂತಾಗ ಬೇಸಿಗೆಯ ಮಧ್ಯಾಹ್ನ ಹೇಗಿರುತ್ತಿತ್ತು ಅಂತ ಹೇಳಿದರು. "ನೀವು ಯೋಗಿ ಅಂದ್ರಿ, ಸಂತೋಷ. ಆದ್ರೆ ಎಲ್ಲಿ ಕೆಲಸ ಮಾಡ್ದೆ ಅಂತ ಸರಿಯಾಗಿ ಹೇಳಿದ್ರೆ ನಮ್ಮ ಹುಡುಗರಿಗೆ ಇನ್ನೂ ಸಂತೋಷ ಆಗ್ತಿತ್ತು" ಅಂದರು. ನಮ್ಮ ಹುಡುಗರು ಅಂದ್ರೆ ಜೊತೆಗೆ ದುಡಿದವರು. ಅವರಿಗೆಲ್ಲ ಈಗ ಎಪ್ಪತ್ತರ ಹತ್ತಿರ.

ಆವತ್ತಿನಿಂದ ಸಂಘದಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪರಿಚಯ ಬರೆಯುವ ಜೂನಿಯರ್ ಮೊದಲು ಅತಿಥಿಗೆ ಫೋನ್ ಮಾಡಬೇಕು. ಮಾಡಿದ ಕೆಲಸ, ಜಾಗ, ವರ್ಷ ಬರೆದುಕೊಂಡು ಅವರಿಗೇ ಓದಿ ಹೇಳಬೇಕು. ವಿಶೇಷಣ ಬೇಕಿದ್ರೆ ಕೊನೆಗೆ ಒಂದು. ಈ ವರ್ಷ ಆ ಕೆಲಸ ಮೊದಲ ವರ್ಷದವರ ಪಾಲಿಗೆ ಬರುತ್ತೆ. ಹಿಂದಿನ ಸಾಲಿನಿಂದ ಯಾರಾದರೂ "ಹೊಗಳುಭಟ್ರು" ಅಂದ್ರೆ ಬೇಜಾರು ಮಾಡ್ಕೋಬೇಡಿ. ಕೈಯಲ್ಲಿರೋ ಚೀಟಿ ಸರಿಯಾಗಿದೆಯಾ ಅಂತ ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿ.