ಕಾರಿನ ನೆತ್ತಿಯ ಮೇಲಿನ ಹೊರೆ

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಹಾದು ಹೊಸಕೋಟೆಯತ್ತ ಸಾಗುವ 648ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಜೆಯ ದಿನ ಸ್ವಲ್ಪ ಹೊತ್ತು ನಿಂತು ನೋಡಿದರೆ, ಎಸ್‌ಯುವಿ ಎಂದು ಕರೆಯಲ್ಪಡುವ ಎತ್ತರದ ಕಾರುಗಳು ನೆತ್ತಿಯ ಮೇಲೆ ಪೆಟ್ಟಿಗೆ, ಹಾಸಿಗೆ, ಸೈಕಲ್ಲುಗಳನ್ನು ಹೊತ್ತು ಓಡುವುದು ಕಾಣುತ್ತದೆ. ಒಳಗೆ ಆರೇಳು ಜನ, ಸಾಮಾನಿಗೆ ಎಡೆಯಿಲ್ಲ; ಆದುದರಿಂದ ಛಾವಣಿಗೊಂದು ಕ್ಯಾರಿಯರು. ಇದನ್ನು ಕೊಳ್ಳುವವರು ಬೆಲೆಯೆಷ್ಟೆಂದು ಕೇಳುತ್ತಾರೆ, ಎಷ್ಟು ಸಾಮಾನು ಹಿಡಿಯುತ್ತದೆಂದು ಕೇಳುತ್ತಾರೆ. ಭೌತವಿಜ್ಞಾನ ಕೇಳುವ ಪ್ರಶ್ನೆಯೇ ಬೇರೆ: ಆ ಸಾಮಾನು ನೆಲದಿಂದ ಎಷ್ಟು ಎತ್ತರದಲ್ಲಿ ಕೂರುತ್ತದೆ?

"ಐವತ್ತು ಕಿಲೋ ಅಕ್ಕಿಮೂಟೆ ಡಿಕ್ಕಿಯಲ್ಲಿದ್ದರೂ ಐವತ್ತು ಕಿಲೋ, ಮೇಲಿದ್ದರೂ ಐವತ್ತು ಕಿಲೋ ಅಲ್ಲವೆ ಸಾರ್?" ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ತೂಕವೇನೋ ಒಂದೇ. ಆದರೆ ಹುಲ್ಲು ಹೇರಿದ ಎತ್ತಿನ ಗಾಡಿಯನ್ನು ಬದುವಿನ ಮೇಲೆ ಹತ್ತಿಸಿದ ರೈತನು ಈ ಮಾತನ್ನು ಒಪ್ಪುವುದಿಲ್ಲ. ನೆರೆಯ ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಯಲ್ಲಿ 2024ರ ಏಪ್ರಿಲ್‌ನಲ್ಲಿಯೂ 2025ರ ಮಾರ್ಚ್‌ನಲ್ಲಿಯೂ ನೂರು ಅಡಿಗೆ ಮೇಲ್ಪಟ್ಟ ತೇರುಗಳು ಉರುಳಿಬಿದ್ದುದನ್ನು ವಾಚಕರು ಮರೆತಿರಲಾರರು. ಎರಡನೆಯ ಸಲ ಪ್ರಾಣಹಾನಿಯೂ ಆಯಿತು. ಎತ್ತರ ಹೆಚ್ಚಿ, ತಳವು ಅದಕ್ಕೆ ತಕ್ಕಷ್ಟು ಅಗಲವಿಲ್ಲದಿದ್ದರೆ ಗಾಳಿಗಾಗಲಿ ನೆಲದ ಓರೆಗಾಗಲಿ ತಡೆಯುವ ಶಕ್ತಿ ಕುಗ್ಗುತ್ತದೆ. ಕಾರಿಗೂ ಇದೇ ನಿಯಮ, ಪ್ರಮಾಣ ಮಾತ್ರ ಬೇರೆ.

ವಾಹನವು ತಿರುವಿನಲ್ಲಿ ಸಾಗುವಾಗ ಟಯರುಗಳು ನೆಲದ ಮಟ್ಟದಲ್ಲಿ ಅದನ್ನು ಒಳಗಡೆಗೆ ತಳ್ಳುತ್ತವೆ. ಗುರುತ್ವಕೇಂದ್ರವಾದರೋ ನೆಲದಿಂದ ಮೇಲಿದೆ. ಜಡತ್ವದ ದೆಸೆಯಿಂದ ಅದು ನೇರವಾಗಿಯೇ ಹೋಗಲೆಳಸುತ್ತದೆ. ಇವೆರಡರ ನಡುವಿನ ಎತ್ತರವೇ ವಾಹನವನ್ನು ಹೊರಮಗ್ಗುಲಿಗೆ ಮಗುಚುವ ಸನ್ನೆಕೋಲು. ಮಗುಚದಂತೆ ಹಿಡಿದಿಡುವುದು ಎಡಬಲ ಚಕ್ರಗಳ ನಡುವಿನ ಅಂತರ. ಆ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಸ್ಥಿರತಾಂಕ ಎನ್ನೋಣ. ಅಮೆರಿಕದ ಹೆದ್ದಾರಿ ಸುರಕ್ಷಾ ಆಡಳಿತವು 2001ರಲ್ಲಿ ವಾಹನಗಳಿಗೆ ಮಗುಚುವಿಕೆಯ ದರ್ಜೆ ಕೊಡಲು ತೊಡಗಿದಾಗ ಆಧಾರವಾಗಿ ಹಿಡಿದದ್ದು ಈ ಸಂಖ್ಯೆಯನ್ನೇ.

ಒಂದು ಅಂದಾಜಿನ ಲೆಕ್ಕ ಮಾಡೋಣ. ಜನರೂ ಸೇರಿ ಕಾರಿನ ತೂಕ 1,700 ಕಿಲೋಗ್ರಾಂ, ಗುರುತ್ವಕೇಂದ್ರದ ಎತ್ತರ 70 ಸೆಂಟಿಮೀಟರ್, ಚಕ್ರಗಳ ಅಂತರ 154 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಸ್ಥಿರತಾಂಕ 77ನ್ನು 70ರಿಂದ ಭಾಗಿಸಿದರೆ 1.10. ಈಗ ಕ್ಯಾರಿಯರೂ ಸೇರಿ 100 ಕಿಲೋ ಹೊರೆಯನ್ನು ನೆಲದಿಂದ 195 ಸೆಂಟಿಮೀಟರ್ ಎತ್ತರದಲ್ಲಿಟ್ಟರೆ ಗುರುತ್ವಕೇಂದ್ರ ಸುಮಾರು 77 ಸೆಂಟಿಮೀಟರಿಗೆ ಏರಿ ಸ್ಥಿರತಾಂಕ 1.00ಕ್ಕೆ ಇಳಿಯುತ್ತದೆ. ತೂಕ ಹೆಚ್ಚಿದ್ದು ನೂರಕ್ಕೆ ಆರರಷ್ಟು. ಸ್ಥಿರತೆ ಕುಗ್ಗಿದ್ದು ಒಂಬತ್ತರಷ್ಟು. ಅದೇ 100 ಕಿಲೋವನ್ನು ಡಿಕ್ಕಿಯಲ್ಲಿ 80 ಸೆಂಟಿಮೀಟರ್ ಎತ್ತರದಲ್ಲಿಟ್ಟಿದ್ದರೆ ಗುರುತ್ವಕೇಂದ್ರ ಏರುತ್ತಿದ್ದುದು ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ.

ಈ 1.00 ಎಂಬುದರ ಅರ್ಥವೇನು? ಗುರುತ್ವದ ವೇಗೋತ್ಕರ್ಷದಷ್ಟೇ ವೇಗೋತ್ಕರ್ಷ ಅಡ್ಡಲಾಗಿ ಒದಗಿದಾಗ ಒಳಮಗ್ಗುಲಿನ ಚಕ್ರಗಳು ನೆಲ ಬಿಡುತ್ತವೆ ಎಂದು. ಪಕ್ಕದ ನಂದಿಬೆಟ್ಟದ ದಾರಿಯಲ್ಲಿರುವಂಥ ಒಂದು ಇಕ್ಕಟ್ಟಾದ ತಿರುವಿನ ತ್ರಿಜ್ಯ 15 ಮೀಟರ್ ಎನ್ನೋಣ. ಅಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಅಡ್ಡ ವೇಗೋತ್ಕರ್ಷ ಗುರುತ್ವದ 0.47ರಷ್ಟು, 40ಕ್ಕೆ ಅದು 0.84. ಹತ್ತೇ ಕಿಲೋಮೀಟರಿನ ಆತುರಕ್ಕೆ ಇಷ್ಟು ಏರಿಕೆ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವೇಗದ ವರ್ಗ. ಅದಲ್ಲದೆ ಕಾರು ಮರದ ದಿಮ್ಮಿಯಲ್ಲ. ಸ್ಪ್ರಿಂಗುಗಳ ಮೇಲೆ ಅದರ ಮೈ ಹೊರಕ್ಕೆ ವಾಲುವುದರಿಂದ ಚಕ್ರಗಳು ಲೆಕ್ಕಕ್ಕಿಂತ ಮುಂಚೆಯೇ ಏಳುತ್ತವೆ.

ಒಣಗಿದ ತಾರುರಸ್ತೆಯಲ್ಲಿ ಟಯರಿನ ಹಿಡಿತ ಸಾಧಾರಣವಾಗಿ 0.7, 0.8ಕ್ಕೆ ಮುಗಿದು ವಾಹನ ಉರುಳುವ ಮೊದಲು ಜಾರುತ್ತದೆ ಎಂದು ಜಾಣ ವಿದ್ಯಾರ್ಥಿ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಆದರೆ ಜಾರುವ ಕಾರಿನ ಚಕ್ರ ರಸ್ತೆಯಂಚಿನ ಮೆತ್ತನೆಯ ಮಣ್ಣಿನಲ್ಲಿ ಹೂತರೆ, ಕಲ್ಲಿಗೆ ಎಡವಿದರೆ, ಆಗ ಹಿಡಿತಕ್ಕೆ ಮಿತಿಯಿರುವುದಿಲ್ಲ. ಕಾರುಗಳು ಮಗುಚುವುದು ಬಹುಪಾಲು ಹೀಗೆಯೇ.

ಆದುದರಿಂದ ಅಂಗಡಿಗೆ ಹೋಗುವ ಮೊದಲು ವಾಹನದ ಕೈಪಿಡಿಯನ್ನು ತೆರೆಯತಕ್ಕದ್ದು. ಛಾವಣಿ ಹೊರಬಹುದಾದ ಗರಿಷ್ಠ ತೂಕ ಅದರಲ್ಲಿ ನಮೂದಾಗಿರುತ್ತದೆ. ಹಲವು ವಾಹನಗಳಿಗೆ 50ರಿಂದ 100 ಕಿಲೋ. ಕೆಲವು ಕಾರುಗಳ ಮೇಲೆ ಹೊಳೆಯುವ ಉದ್ದಕಂಬಿಗಳು ಬರಿಯ ಅಲಂಕಾರಕ್ಕೆ. ಅವುಗಳ ಮೇಲೆ ಏನನ್ನೂ ಕಟ್ಟಕೂಡದು. ಈ ಮಿತಿಯೊಳಗೆ ಕ್ಯಾರಿಯರಿನ ಸ್ವಂತ ತೂಕವೂ ಸೇರಿದೆಯೆಂಬುದನ್ನು ಜನ ಮರೆಯುತ್ತಾರೆ. ವೆಲ್ಡಿಂಗ್ ಅಂಗಡಿಯಲ್ಲಿ 25 ಮಿಲಿಮೀಟರ್ ವ್ಯಾಸದ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯಿಂದ ಬುಟ್ಟಿಯಂಥ ಕ್ಯಾರಿಯರನ್ನು ಮಾಡಿಸಿದರೆ, 20 ಮೀಟರ್ ಕೊಳವೆಗೇ 23 ಕಿಲೋ ಆಗುತ್ತದೆ. ಮಿತಿ 75 ಆದರೆ ಸಾಮಾನಿಗೆ ಉಳಿದದ್ದು 52. ಅದೇ ಅಳತೆಯ ಅಲ್ಯುಮಿನಿಯಂ ಕೊಳವೆ 8 ಕಿಲೋ ತೂಗೀತು. ಆದರೆ ಬಾಗದಿರುವ ಗುಣದಲ್ಲಿ ಅದು ಉಕ್ಕಿನ ಮೂರನೆಯ ಒಂದು ಪಾಲು ಮಾತ್ರ. ಒಳ್ಳೆಯ ಅಲ್ಯುಮಿನಿಯಂ ಅಡ್ಡಕಂಬಿಗಳನ್ನು ದಪ್ಪನಾದ ಟೊಳ್ಳು ಆಕಾರದಲ್ಲಿ ಮಾಡುವುದು ಈ ಕೊರತೆಯನ್ನು ತುಂಬಲೆಂದೇ. ಛಾವಣಿಗೆ ತೂತು ಕೊರೆದು ಕೂಡಿಸುವ ಕ್ಯಾರಿಯರನ್ನಂತೂ ನಾವು ಯಾರಿಗೂ ಹೇಳುವುದಿಲ್ಲ. ಮಳೆನೀರಿಗೂ ತುಕ್ಕಿಗೂ ಅದು ಕರೆದಿತ್ತ ದಾರಿ.

ಕೈಪಿಡಿಯ ಮಿತಿ ನಿಂತ ಕಾರಿಗಲ್ಲ, ಓಡುವ ಕಾರಿಗೆ. ಊರೂರಿನ ಹಂಪುಗಳ ಮೇಲೆ ಕಾರು ಕುಪ್ಪಳಿಸಿದಾಗ ಹೊರೆ ಒಂದು ಗಳಿಗೆ ತನ್ನ ತೂಕಕ್ಕಿಂತ ಬಹಳ ಹೆಚ್ಚು ಬಲದಿಂದ ಛಾವಣಿಯನ್ನು ಅದುಮುತ್ತದೆ. ಬ್ರೇಕನ್ನು ಬಲವಾಗಿ ಒತ್ತಿದಾಗ 50 ಕಿಲೋ ಹೊರೆ 40 ಕಿಲೋ ತೂಕದಷ್ಟು ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಮೇಲಿನಿಂದ ಅದುಮಿ ಕಟ್ಟಿದರೆ ಸಾಲದು, ಮುಂದಕ್ಕೆ ಸರಿಯದಂತೆ ಹಿಂದಕ್ಕೂ ಎಳೆದು ಕಟ್ಟಬೇಕು. ದೇವನಹಳ್ಳಿಯ ಚಕ್ಕೋತದ ಮೂಟೆ ಡಿಕ್ಕಿಯಲ್ಲಿರಲಿ, ಹಾಸಿಗೆಯ ಸುರುಳಿ ಮೇಲಿರಲಿ.

ಇನ್ನು ಗಾಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಜಿಲ್ಲೆಯಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.1 ಕಿಲೋ. ಒಂದು ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರಕ್ಕೆ ಸಾಮಾನು ತುಂಬಿದ ತೆರೆದ ಬುಟ್ಟಿಯನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಳಿ ನಾಲ್ಕು ಕಿಲೋ ತೂಕದಷ್ಟು ಬಲದಿಂದ ತಡೆದರೆ, 100ರಲ್ಲಿ ಹದಿನೇಳು ಕಿಲೋದಷ್ಟು ತಡೆಯುತ್ತದೆ. ಇದನ್ನು ಗೆಲ್ಲಲು ವ್ಯಯವಾಗುವ ಸಾಮರ್ಥ್ಯ ವೇಗದ ಘನವನ್ನು ಅನುಸರಿಸುತ್ತದೆ: 50ರಲ್ಲಿ ಒಂದು ಅಶ್ವಶಕ್ತಿಗಿಂತ ಕಡಿಮೆ, 100ರಲ್ಲಿ ಆರಕ್ಕಿಂತ ಹೆಚ್ಚು. ಮುಂದುಗಡೆ ಚೂಪಾದ ಮುಚ್ಚಿದ ಪೆಟ್ಟಿಗೆ ಈ ದೃಷ್ಟಿಯಿಂದ ಮೇಲು. ಟಾರ್ಪಾಲು ಹೊದಿಸಿದ ಬುಟ್ಟಿ ಕೀಳು. ಖಾಲಿ ಕ್ಯಾರಿಯರೂ ಪುಕ್ಕಟೆಯಾಗಿ ಓಡುವುದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಶಾಲೆಯವರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಆ ದೇಶದ ಲಘುವಾಹನಗಳು ಸುಡುವ ಇಂಧನದಲ್ಲಿ ಸಾವಿರಕ್ಕೆ ಸುಮಾರು ಒಂದು ಪಾಲು ಛಾವಣಿಯ ಕ್ಯಾರಿಯರುಗಳಿಗೇ ಸಲ್ಲುತ್ತದೆ. ವರ್ಷಕ್ಕೆ ಎರಡು ಮೂರು ಸಲ ದೂರ ಹೋಗುವ ಕುಟುಂಬಕ್ಕೆ ಬಿಚ್ಚಿಡಬಹುದಾದ ಅಡ್ಡಕಂಬಿಗಳ ಜೋಡಿಯೇ ಸಾಕೆಂದು ನಮ್ಮ ಅಭಿಪ್ರಾಯ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲರಚನೆಯನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ತಯಾರಕರೇ ಒಪ್ಪಿದ ಕ್ಯಾರಿಯರನ್ನು ಕೊಳ್ಳಲು ಇದೂ ಒಂದು ಕಾರಣ. ಹೊರೆಯು ಮಿತಿಮೀರಿ ಪಕ್ಕಕ್ಕಾಗಲಿ ಮೇಲಕ್ಕಾಗಲಿ ಚಾಚಿದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ.

ಅಡ್ಡಕಂಬಿ ಕಟ್ಟಿದ ಕಾರು ವೇಗ ಹಿಡಿದಾಗ ಗುಂಯ್ ಎಂದು ಹಾಡುವುದನ್ನು ಹಲವರು ಕೇಳಿರಬಹುದು. ದುಂಡುಕಂಬಿಯ ಹಿಂದೆ ಗಾಳಿ ಮೇಲೊಮ್ಮೆ ಕೆಳಗೊಮ್ಮೆ ಸುಳಿಗಳನ್ನು ಕಳಚುತ್ತ ಹೋಗುತ್ತದೆ. ಜೆಕ್ ಭೌತವಿಜ್ಞಾನಿ ಸ್ಟ್ರೌಹಾಲ್ 1878ರಲ್ಲಿ ತಂತಿಗಳ ಇಂಥ ಧ್ವನಿಯನ್ನು ಅಳೆದಿದ್ದನು; ಆವೃತ್ತಿಯು ವೇಗವನ್ನು ವ್ಯಾಸದಿಂದ ಭಾಗಿಸಿದುದರ ಐದನೆಯ ಒಂದರಷ್ಟು. ಎರಡೂವರೆ ಸೆಂಟಿಮೀಟರ್ ಕಂಬಿಗೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 180 ಕಂಪನ. ವಿಮಾನದ ರೆಕ್ಕೆಯಂತೆ ಹಿಂದಕ್ಕೆ ಸಪೂರವಾದ ಕಂಬಿ ಇಷ್ಟು ಹಾಡುವುದಿಲ್ಲ. ಸಾಮಾನು ಬಿಗಿಯುವ ಚಪ್ಪಟೆ ಪಟ್ಟಿಯೂ ಗಾಳಿಗೆ ಗುಂಯ್‌ಗುಡುತ್ತದೆ. ಅದನ್ನು ಒಂದೆರಡು ಸುತ್ತು ತಿರುಚಿ ಕಟ್ಟಿದರೆ ಉದ್ದಕ್ಕೂ ಗಾಳಿಯ ತಾಳ ಕೂಡದೆ ಸದ್ದಡಗುತ್ತದೆ. ಎತ್ತರದ ಉಕ್ಕಿನ ಹೊಗೆಕೊಳವೆಗಳ ತುದಿಯಲ್ಲಿ ಸುರುಳಿಯಾಗಿ ಪಟ್ಟಿ ಸುತ್ತಿರುವುದೂ ಇದೇ ಕಾರಣಕ್ಕೆ.