ಕೈಬಿಟ್ಟ ಡಾಡ್ಜರ್ಸ್, ಕೈಹಿಡಿದ ಪೈರೇಟ್ಸ್: ರಾಬರ್ಟೊ ಕ್ಲೆಮೆಂಟೆಯ ಮೊದಲ ವರ್ಷಗಳು

ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಔಟ್‌ಫೀಲ್ಡರ್ ರಾಬರ್ಟೊ ಕ್ಲೆಮೆಂಟೆ ನಾಲ್ಕು ಬಾರಿ ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದವರು. ಶ್ರೇಷ್ಠ ಫೀಲ್ಡರ್‌ಗಳಿಗೆ ಸಲ್ಲುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಸತತ 12 ವರ್ಷ ಪಡೆದವರು. ಎರಡೂ ಮೊದಲ ಸಲ ಅವರಿಗೆ ದಕ್ಕಿದ್ದು 1961ರಲ್ಲಿ. ಅಮೆರಿಕದ ತಂಡವೊಂದಕ್ಕೆ ಸಹಿ ಹಾಕಿ ಆಗಲೇ ಏಳು ವರ್ಷ ಕಳೆದಿದ್ದವು.

ಕ್ಲೆಮೆಂಟೆ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಪೋರ್ಟೊ ರಿಕೊದ ಕರೊಲಿನಾದಲ್ಲಿ. ತಂದೆ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ಶಾಲೆಯಲ್ಲಿ ಜಾವೆಲಿನ್ ಎಸೆದು ಪಳಗಿದ ತೋಳು ಮುಂದೆ ಅವರ ದೊಡ್ಡ ಆಸ್ತಿಯಾಯಿತು. 1952ರಲ್ಲಿ ಸ್ಥಳೀಯ ಸ್ಯಾಂಟುರ್ಸೆ ತಂಡ ಸೇರಿದರು. ಅದೇ ವರ್ಷ ಸ್ಯಾನ್ ಹ್ವಾನ್‌ನಲ್ಲಿ ನಡೆದ ಆಯ್ಕೆ ಶಿಬಿರದಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಅಲ್ ಕ್ಯಾಂಪನಿಸ್ ಅವರ ಕಣ್ಣಿಗೆ ಬಿದ್ದರು. 1954ರ ಫೆಬ್ರುವರಿಯಲ್ಲಿ ಡಾಡ್ಜರ್ಸ್ 10,000 ಡಾಲರ್ ಬೋನಸ್ ಕೊಟ್ಟು ಅವರನ್ನು ಸೇರಿಸಿಕೊಂಡಿತು.

ತೊಡಕು ಶುರುವಾದದ್ದು ಆ ಬೋನಸ್‌ನಿಂದಲೇ. ಹಣವುಳ್ಳ ತಂಡಗಳು ಎಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳದಂತೆ ಆಗ ಒಂದು ನಿಯಮವಿತ್ತು. 4,000 ಡಾಲರಿಗಿಂತ ಹೆಚ್ಚು ಬೋನಸ್ ಪಡೆದವನನ್ನು ಎರಡು ವರ್ಷ ಮುಖ್ಯ ತಂಡದಲ್ಲೇ ಇಟ್ಟುಕೊಳ್ಳಬೇಕು. ಕೆಳಹಂತಕ್ಕೆ ಕಳಿಸಿದರೆ ಋತುವಿನ ಕೊನೆಯಲ್ಲಿ ಬೇರೆ ತಂಡ ಆತನನ್ನು ಆರಿಸಿಕೊಳ್ಳಬಹುದು. ಡ್ಯೂಕ್ ಸ್ನೈಡರ್, ಕಾರ್ಲ್ ಫುರಿಲೊ ಅವರಂಥವರಿದ್ದ ಬ್ರೂಕ್ಲಿನ್ ಔಟ್‌ಫೀಲ್ಡ್‌ನಲ್ಲಿ ಹೊಸಬನಿಗೆ ಜಾಗವಿರಲಿಲ್ಲ. ಕ್ಲೆಮೆಂಟೆಯನ್ನು ಕೆಳಹಂತದ ಮಾಂಟ್ರಿಯಲ್ ರಾಯಲ್ಸ್ ತಂಡಕ್ಕೆ ಕಳಿಸಲಾಯಿತು.

ಅಲ್ಲಿ 87 ಪಂದ್ಯಗಳಲ್ಲಿ ಕಾಣಿಸಿಕೊಂಡರೂ ಸಿಕ್ಕಿದ್ದು ಬಿಡಿಬಿಡಿ ಅವಕಾಶ, ಸರಾಸರಿ .257, ಹೋಮ್‌ರನ್ ಎರಡೇ. (ಬೇಸ್‌ಬಾಲ್‌ನಲ್ಲಿ ಸರಾಸರಿ ಎಂದರೆ ಬ್ಯಾಟಿಂಗ್ ಅವಕಾಶಗಳಲ್ಲಿ ಹಿಟ್‌ಗಳ ಪಾಲು; .300 ದಾಟಿದವರು ಉತ್ತಮ ಬ್ಯಾಟರ್‌ಗಳು.) ಎದುರಾಳಿಗಳ ಕಣ್ತಪ್ಪಿಸಲೆಂದೇ ಅವರನ್ನು ಬೆಂಚಿನಲ್ಲಿ ಕೂರಿಸಲಾಯಿತು ಎಂಬ ಮಾತು ಹಬ್ಬಿತು. ತಮಗೆ ಅಂಥ ಸೂಚನೆ ಬಂದಿರಲಿಲ್ಲವೆಂದು ಮ್ಯಾನೇಜರ್ ಮ್ಯಾಕ್ಸ್ ಮೇಕನ್ ಹೇಳುತ್ತಲೇ ಬಂದರು.

ಬಚ್ಚಿಡುವ ಉದ್ದೇಶ ಇದ್ದಿದ್ದರೂ ಅದು ಫಲಿಸಲಿಲ್ಲ. ಬೌಲರ್‌ಗೆ ಸಮನಾದ ಪಿಚರ್ ಒಬ್ಬನನ್ನು ನೋಡಲು ಬಂದಿದ್ದ ಪೈರೇಟ್ಸ್‌ನ ಕ್ಲೈಡ್ ಸುಕೆಫೋರ್ತ್ ಅಭ್ಯಾಸದ ವೇಳೆ ಕ್ಲೆಮೆಂಟೆಯ ಎಸೆತ ಕಂಡು ಬೆರಗಾದರು. ಲೀಗ್‌ನ ಕೊನೆಯ ಸ್ಥಾನದಲ್ಲಿದ್ದ ಪೈರೇಟ್ಸ್‌ಗೆ ಆಯ್ಕೆಯ ಸರದಿ ಮೊದಲು ಸಿಕ್ಕಿತು. 1954ರ ನವೆಂಬರ್ 22ರಂದು 4,000 ಡಾಲರಿಗೆ ಕ್ಲೆಮೆಂಟೆ ಅವರ ಪಾಲಾದರು.

ಮರುತಿಂಗಳೇ ಪೋರ್ಟೊ ರಿಕೊದಲ್ಲಿ ಕುಡಿದು ವಾಹನ ಓಡಿಸುತ್ತಿದ್ದವನೊಬ್ಬ ಅವರ ಕಾರಿಗೆ ಗುದ್ದಿದ. ಬೆನ್ನುಮೂಳೆಗೆ ಆದ ಪೆಟ್ಟು ಕೊನೆಯವರೆಗೂ ಕಾಡಿತು. ಆದರೂ ಆ ಚಳಿಗಾಲದಲ್ಲಿ ವಿಲ್ಲಿ ಮೇಸ್ ಜೊತೆ ಆಡಿ, ಸ್ಯಾಂಟುರ್ಸೆ ತಂಡ 1955ರ ಕೆರಿಬಿಯನ್ ಸರಣಿ ಗೆದ್ದಾಗ ಅದರಲ್ಲಿ ಪಾಲುದಾರರಾದರು.

1955ರ ಏಪ್ರಿಲ್ 17ರಂದು ಅವರು ಪೈರೇಟ್ಸ್ ಪರ ಮೊದಲ ಪಂದ್ಯವಾಡಿದರು. ಎದುರಾಳಿ ಅದೇ ಡಾಡ್ಜರ್ಸ್. ಆ ವರ್ಷದ ಸರಾಸರಿ .255. ಮೈದಾನದ ಹೊರಗೂ ಹಾದಿ ಸಲೀಸಾಗಿರಲಿಲ್ಲ. ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನ ತರಬೇತಿ ಶಿಬಿರದಲ್ಲಿ ಕಪ್ಪು ಆಟಗಾರರು ಬಿಳಿಯರಿಂದ ಬೇರೆ ಉಳಿಯಬೇಕಿತ್ತು. ಪತ್ರಿಕೆಗಳು ಅವರ ಹೆಸರನ್ನು ‘ಬಾಬ್’ ಎಂದು ಬದಲಿಸಿದವು, ಸ್ಪ್ಯಾನಿಷ್ ಛಾಯೆಯ ಇಂಗ್ಲಿಷನ್ನು ಉಚ್ಚಾರ ಸಮೇತ ಅಚ್ಚುಮಾಡಿ ನಗೆಯಾಡಿದವು. ಬೆನ್ನುನೋವೆಂದರೆ ನೆಪ ಹೇಳುತ್ತಾನೆ ಎಂದವು.

ಬ್ಯಾಟ್ ಬೀಸುವಾಗ ತಲೆ ಅಲುಗಿಸುವ ಅಭ್ಯಾಸವನ್ನು ಹಳೆಯ ದಿಗ್ಗಜ ಜಾರ್ಜ್ ಸಿಸ್ಲರ್ ತಿದ್ದಿದರು. 1956ರಲ್ಲಿ ಸರಾಸರಿ .311ಕ್ಕೇರಿತು. ಜುಲೈ 25ರಂದು ಶಿಕಾಗೊ ಕಬ್ಸ್ ವಿರುದ್ಧ ತಂಡ 5–8ರಿಂದ ಹಿಂದಿದ್ದಾಗ, ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದ ಹೊತ್ತಿನಲ್ಲಿ, ಚೆಂಡು ಮೈದಾನದೊಳಗೇ ಇರುವಂತೆ ನಾಲ್ಕೂ ಬೇಸ್ ಸುತ್ತಿ ಪಂದ್ಯ ಗೆಲ್ಲಿಸಿದರು. ನಿಲ್ಲು ಎಂಬ ಮ್ಯಾನೇಜರ್ ಬಾಬಿ ಬ್ರಾಗನ್ ಅವರ ಸನ್ನೆಯನ್ನೂ ಲೆಕ್ಕಿಸದೆ ಓಡಿದ್ದರು. ಮರುವರ್ಷ ಬೆನ್ನು ಮತ್ತೆ ಕೈಕೊಟ್ಟಿತು, ಸರಾಸರಿ .253ಕ್ಕೆ ಕುಸಿಯಿತು.

1958ರಲ್ಲಿ ಚೇತರಿಕೆ ಕಂಡಿತು. ಆ ವರ್ಷ ಅವರ ಎಸೆತಗಳ ನೆರವಿನಿಂದ 22 ಓಟಗಾರರು ಔಟಾದರು. ಋತು ಮುಗಿದ ಬಳಿಕ ನೌಕಾದಳದ ಮೆರೀನ್ ಮೀಸಲು ಪಡೆ ಸೇರಿ ಆರು ತಿಂಗಳು ತರಬೇತಿ ಪಡೆದರು. ಆ ಕಸರತ್ತಿನಿಂದ ಮೈ ಗಟ್ಟಿಯಾಯಿತು, ಬೆನ್ನುನೋವು ತಗ್ಗಿತು.

ಫಲ ಕಂಡದ್ದು 1960ರಲ್ಲಿ: ಸರಾಸರಿ .314, ಹೋಮ್‌ರನ್ 16. ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ವರ್ಲ್ಡ್ ಸೀರೀಸ್‌ನ ಏಳೂ ಪಂದ್ಯಗಳಲ್ಲಿ ಅವರು ಹಿಟ್ ಗಳಿಸಿದರು, ಪೈರೇಟ್ಸ್ ಚಾಂಪಿಯನ್ ಆಯಿತು. ಆದರೂ ಲೀಗ್‌ನ ಅತ್ಯಮೂಲ್ಯ ಆಟಗಾರನ ಆಯ್ಕೆಯಲ್ಲಿ ಪತ್ರಕರ್ತರು ಅವರಿಗೆ ಎಂಟನೆಯ ಸ್ಥಾನ ಕೊಟ್ಟರು. ಗೆದ್ದದ್ದು ಸಹ ಆಟಗಾರ ಡಿಕ್ ಗ್ರೋಟ್. ಈ ಕಡೆಗಣನೆ ಕ್ಲೆಮೆಂಟೆಯನ್ನು ಬಹುಕಾಲ ನೋಯಿಸಿತು. 1961ರಲ್ಲಿ .351 ಸರಾಸರಿಯೊಂದಿಗೆ ಮೊದಲ ಬ್ಯಾಟಿಂಗ್ ಕಿರೀಟವೂ ಮೊದಲ ಗೋಲ್ಡ್ ಗ್ಲವ್ ಕೂಡ ಅವರದಾದವು. ಅಲ್ಲಿಂದ ಮುಂದೆ ಅವರ ಸರಾಸರಿ .300ಕ್ಕಿಂತ ಕೆಳಗಿಳಿದದ್ದು 1968ರಲ್ಲಿ ಒಮ್ಮೆ ಮಾತ್ರ.